ಕೀನ್ಯಾದ ಹುಡುಗಿಗೆ ಮಗ ಕೊಟ್ಟ 25 ಡಾಲರ್

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಕಿವಾ ಎಂಬ ಜಾಲತಾಣದಲ್ಲಿ 25 ಡಾಲರ್ ಹಾಕಿ, ಕೀನ್ಯಾದ ವಿದ್ಯಾರ್ಥಿನಿಗೆ ಫೀಸು ಕಟ್ಟಿದೆ ಅಂತಾನೆ. ಅಷ್ಟು ದುಡ್ಡಲ್ಲಿ ಏನಾಗುತ್ತೆ? ನಾನೂ ಯಾರಿಗಾದರೂ ಕೊಡಬೇಕು ಅಂತಿದ್ದೇನೆ.
– ನಿವೃತ್ತ ಶಿಕ್ಷಕಿ, ಮಲ್ಲೇಶ್ವರ

ಉತ್ತರ: ಮೇಡಂ, ಮಗ ಕೊಟ್ಟಿದ್ದು ದಾನವಲ್ಲ, ಸಾಲ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಕಿವಾದಲ್ಲಿ ಹಲವರ 25 ಡಾಲರ್ ಸೇರಿ ಒಬ್ಬರ ಸಾಲವಾಗುತ್ತದೆ. ಮಗನಿಗೆ ಬಡ್ಡಿ ಸಿಗುವುದಿಲ್ಲ, ಅಸಲು ಮುಳುಗಲೂಬಹುದು. ಆದರೆ ಹುಡುಗಿ ಬಡ್ಡಿ ಕಟ್ಟುತ್ತಿರಬಹುದು, ಅದು ಅಲ್ಲಿನ ಸಾಲ ಕೊಡುವ ಸಂಸ್ಥೆಗೆ. ಎಷ್ಟೋ ಸಲ ಜಾಲತಾಣದಲ್ಲಿ ಫೋಟೋ ಬರುವ ಮೊದಲೇ ಆ ಸಂಸ್ಥೆ ದುಡ್ಡು ಕೊಟ್ಟಾಗಿರುತ್ತದೆ. ಮಗನ ಡಾಲರ್ ಸಂಸ್ಥೆ ಕೊಟ್ಟ ಆ ದುಡ್ಡಿನ ಜಾಗ ತುಂಬುತ್ತದೆ, ಅಷ್ಟೇ. ಮೋಸವೇನಲ್ಲ, ಆದರೆ ‘ಫೀಸು ಕಟ್ಟಿದೆ’ ಅನ್ನುವುದು ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ?

ಸಾಲವಾಗಿ ಕೊಡುವುದಾದರೆ ಕಿವಾದಂಥದೇ, ನಮ್ಮ ಬೆಂಗಳೂರಿನದೇ ರಂಗ್ ದೇ ಎಂಬ ಸಂಸ್ಥೆ ಇದೆ, 2008ರಿಂದ. ರಿಸರ್ವ್ ಬ್ಯಾಂಕಿನ ಪರವಾನಗಿಯೂ ಇದೆ. ದಾನವಾದರೆ, ವಿದ್ಯಾರ್ಥಿಯ ಕೈಗೇ ಕೊಟ್ಟ ದುಡ್ಡಿಗೆ ದಾನದ ಆದಾಯ ತೆರಿಗೆ ವಿನಾಯಿತಿ ಸಿಗಲ್ಲ. ಆ ವಿನಾಯಿತಿಗೆಂದು ನೋಂದಾಯಿಸಿದ ಟ್ರಸ್ಟಿಗೆ ಕೊಟ್ಟರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಸಿಗುತ್ತದೆ, ಅದೂ ನಗದು 2,000 ರೂಪಾಯಿ ದಾಟಿರಬಾರದು. ನನ್ನ ಕೇಳಿದರೆ, ಪರಿಚಯದ ಮಗುವಿಗೇ ಕೊಡಿ. ದುಡ್ಡು ನೇರ ಕಾಲೇಜಿನ ಖಾತೆಗೆ ಹೋಗಲಿ, ರಸೀದಿ ಮಗುವಿನ ಹೆಸರಲ್ಲಿರಲಿ.