ಅಡಿಕೆ ತಕ್ಕಡಿ, ಚೀಟಿ ಪ್ರಿಂಟರ್ ಮತ್ತು ರಾಸ್ಪ್‌ಬೆರಿ ಪೈ

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದು ಅಡಿಕೆ ಖರೀದಿಸುವ ಸಣ್ಣ ಅಂಗಡಿ. ನಮ್ಮ ಹಳೆಯ ಎಲೆಕ್ಟ್ರಾನಿಕ್ ತಕ್ಕಡಿಯ ಹಿಂಬದಿಯಲ್ಲಿ 9 ಪಿನ್‌ನ ಸೀರಿಯಲ್ ಸಾಕೆಟ್ ಇದೆ. ಅದನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿ ತೂಕ ಬರೆದಿಟ್ಟುಕೊಂಡು, 5 ವೋಲ್ಟ್‌ನ ಥರ್ಮಲ್ ಪ್ರಿಂಟರಿನಿಂದ ಬೆಳೆಗಾರರಿಗೆ ಚೀಟಿ ಕೊಡಬೇಕೆಂದಿದ್ದೇನೆ. ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿದರೆ ಸಾಕೆಂದು ಗೆಳೆಯರೊಬ್ಬರು ಹೇಳುತ್ತಾರೆ. ಸರಿಯೇ?

ಉತ್ತರ: ಪ್ರಿಂಟರಿನ ಮಟ್ಟಿಗೆ ನಿಮ್ಮ ಗೆಳೆಯರ ಮಾತು ಒಪ್ಪತಕ್ಕದ್ದೇ, ತಕ್ಕಡಿಯ ಮಟ್ಟಿಗೆ ಖಂಡಿತ ಅಲ್ಲ. ಏನನ್ನಾದರೂ ಜೋಡಿಸುವ ಮೊದಲು ತಕ್ಕಡಿಗೆ ವಿದ್ಯುತ್ ಕೊಟ್ಟು, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು 5ನೇ ಪಿನ್ನಿಗೂ ಕೆಂಪು ಕಡ್ಡಿಯನ್ನು 2 ಮತ್ತು 3ನೇ ಪಿನ್ನಿಗೂ ಒಂದೊಂದಾಗಿ ಮುಟ್ಟಿಸಿ ನೋಡಿ. ಒಂದು ಪಿನ್ನಿನಲ್ಲಿ ಋಣ 5ರಿಂದ ಋಣ 12 ವೋಲ್ಟ್‌ನಷ್ಟು ಕಾಣಿಸಿದರೆ ಅದು ಹಳೆಯ ಸೀರಿಯಲ್ ಪದ್ಧತಿಯಾದ ಆರ್‌ಎಸ್-232. ಆ ಪಿನ್ನೇ ತಕ್ಕಡಿ ಮಾತಾಡುವ ಪಿನ್. ತೂಕವನ್ನು ಎಡೆಬಿಡದೆ ಕಳಿಸುವ ತಕ್ಕಡಿಯಾದರೆ ಅಂಕಿ ಓಲಾಡೀತು, ಅದಕ್ಕೆ ಗಾಬರಿ ಬೇಡ.

ಆರ್‌ಎಸ್-232ರಲ್ಲಿ 1 ಎಂದರೆ ಋಣ ವೋಲ್ಟೇಜ್, 0 ಎಂದರೆ ಧನ ವೋಲ್ಟೇಜ್. ಪೈಯಲ್ಲಿ 1 ಎಂದರೆ 3.3 ವೋಲ್ಟ್, 0 ಎಂದರೆ ಸೊನ್ನೆ. ರೆಸಿಸ್ಟರುಗಳು ವೋಲ್ಟೇಜನ್ನು ಕುಗ್ಗಿಸಬಲ್ಲವೇ ಹೊರತು ಅದರ ಚಿಹ್ನೆಯನ್ನು ಬದಲಿಸಲಾರವು. ಆದ್ದರಿಂದ 1 ಮತ್ತು 0 ಅದಲುಬದಲಾಗಿ ಅಕ್ಷರಗಳೆಲ್ಲ ಕೆಟ್ಟು ಬರುವುದಲ್ಲದೆ, ಋಣ ವೋಲ್ಟೇಜನ್ನು ತಾಳಿಕೊಳ್ಳುವಂತೆ ಮಾಡಿರದ ಪೈಯ ಪಿನ್ ಸುಟ್ಟುಹೋಗಲೂಬಹುದು. ಇಳಿಸುವ ಮತ್ತು ತಿರುಗಿಸುವ ಎರಡೂ ಕೆಲಸವನ್ನು ಒಟ್ಟಿಗೆ ಮಾಡುವುದು ಮ್ಯಾಕ್ಸ್ 3232 ಎಂಬ ಚಿಪ್. ಅದನ್ನು ಕೂರಿಸಿದ ಸಿದ್ಧ ಬೋರ್ಡನ್ನೇ, ಎಂದರೆ ಮಾಡ್ಯೂಲನ್ನೇ, ಕೊಳ್ಳಿ. ಹೆಸರಿನಲ್ಲಿ ಹತ್ತಿರವಿರುವ ಮ್ಯಾಕ್ಸ್ 232 ಬೇಡ, ಅದಕ್ಕೆ 5 ವೋಲ್ಟ್ ಬೇಕು. 3232 ಚಿಪ್ 3ರಿಂದ 5.5 ವೋಲ್ಟ್‌ವರೆಗೆ ನಡೆಯುತ್ತದೆ, ಎಡವುವುದೂ ಅಲ್ಲಿಯೇ: ಮಾಡ್ಯೂಲಿಗೆ ಪೈಯ 1ನೇ ಪಿನ್ನಿನ 3.3 ವೋಲ್ಟನ್ನು ಕೊಡದೆ ಎದುರಿನ 2ನೇ ಪಿನ್ನಿನ 5 ವೋಲ್ಟನ್ನು ಕೊಟ್ಟರೆ, ಅದು ಪೈಗೆ ಕಳಿಸುವ ಸಂಕೇತವೂ 5 ವೋಲ್ಟ್ ಆಗಿಬಿಡುತ್ತದೆ. ಅಷ್ಟನ್ನು ಪೈಯ ಪಿನ್‌ಗಳು ತಾಳಲಾರವು.

ಇನ್ನು ಪ್ರಿಂಟರ್. ಪೈ ಕಳಿಸುವ 3.3 ವೋಲ್ಟನ್ನು ಈ ಬಗೆಯ 5 ವೋಲ್ಟ್ ಪ್ರಿಂಟರುಗಳು ಸಾಮಾನ್ಯವಾಗಿ 1 ಎಂದೇ ಓದಿಕೊಳ್ಳುತ್ತವೆ. ಪ್ರಿಂಟರಿನಿಂದ ಪೈಗೆ ಬರುವ ತಂತಿಗಾದರೆ 1 ಕಿಲೋ ಓಮ್ ಮತ್ತು 2 ಕಿಲೋ ಓಮ್ ರೆಸಿಸ್ಟರುಗಳ ಜೋಡಿ 5 ವೋಲ್ಟನ್ನು 3.3ಕ್ಕೆ ಇಳಿಸುತ್ತದೆ. ನಿಮ್ಮ ಕೆಲಸಕ್ಕೆ ಆ ತಂತಿಯೇ ಬೇಕಿಲ್ಲವೆಂದು ನನಗೆ ತೋರುತ್ತದೆ. ತಕ್ಕಡಿ ಬರೀ ಹೇಳುತ್ತದೆ, ಪ್ರಿಂಟರ್ ಬರೀ ಕೇಳುತ್ತದೆ. ಎರಡರ ವೇಗವನ್ನೂ, ಉದಾಹರಣೆಗೆ 9600 ಬಾಡ್ (ಸೆಕೆಂಡಿಗೆ 9600 ಬಿಟ್) ಎಂದು, ಒಂದೇ ಆಗಿ ಇರಿಸಲು ಸಾಧ್ಯವಾದರೆ ಮಾಡ್ಯೂಲಿನಿಂದ ಬರುವ ತಂತಿಯನ್ನು ಪೈಯ 10ನೇ ಪಿನ್ನಿಗೂ ಪ್ರಿಂಟರಿಗೆ ಹೋಗುವುದನ್ನು 8ನೇ ಪಿನ್ನಿಗೂ ಹಾಕಿ, ಒಂದೇ ಸೀರಿಯಲ್ ಪೋರ್ಟಿನಲ್ಲಿ ಎರಡನ್ನೂ ನಡೆಸಬಹುದು. ಕೇಳಿದಾಗ ಮಾತ್ರ ತೂಕ ಹೇಳುವ ತಕ್ಕಡಿಯಾದರೆ ಈ ಉಪಾಯ ನಡೆಯದು. ಆಗ ಪ್ರಿಂಟರನ್ನು ಯುಎಸ್‌ಬಿ-ಸೀರಿಯಲ್ ಕೇಬಲಿಗೆ ವರ್ಗಾಯಿಸಿ.

ಪ್ರಿಂಟರಿನ ವಿದ್ಯುತ್ತನ್ನು ಪೈಯಿಂದ ಎಳೆಯಬೇಡಿ, ಪ್ರತ್ಯೇಕ ಅಡಾಪ್ಟರ್ ಇಡಿ. ಆದರೆ ಗ್ರೌಂಡ್, ಎಂದರೆ ಸೊನ್ನೆ ವೋಲ್ಟ್‌ನ ತಂತಿ, ಎಲ್ಲಕ್ಕೂ ಒಂದೇ ಇರಲಿ. ತಕ್ಕಡಿ ಅಂಗಳದಲ್ಲಿ, ಪೈ ಒಳಕೋಣೆಯಲ್ಲಿ ಎಂದಾದರೆ ಆರ್‌ಎಸ್-232 ತಂತಿಯನ್ನು ಸುಮಾರು 15 ಮೀಟರಿನೊಳಗೆ ಮುಗಿಸಿ, ತುಲಾ ಮಾಸದ ಗುಡುಗು ಸಿಡಿಲಿನ ಸಂಜೆಗಳಲ್ಲಿ ಕಳಚಿಡಿ. ಕೊನೆಯದಾಗಿ, ಪೈಯ ಸೆಟ್ಟಿಂಗ್‌ನಲ್ಲಿ ಪೈ ತನ್ನ ಸಂದೇಶಗಳನ್ನು ಪೋರ್ಟಿಗೆ ಕಳಿಸುವ ಸೀರಿಯಲ್ ಕನ್ಸೋಲನ್ನು ನಿಲ್ಲಿಸಿ ಸೀರಿಯಲ್ ಪೋರ್ಟನ್ನು ಮಾತ್ರ ತೆರೆದಿಡಿ. ಇಲ್ಲವಾದರೆ ಪೈ ಚಾಲೂ ಆದಾಗಲೆಲ್ಲ ಪ್ರಿಂಟರ್ ಗೇಣುದ್ದದ ಅಸಂಬದ್ಧ ಚೀಟಿಯನ್ನು ಹೊರಹಾಕೀತು.