ದೊಡ್ಡ ಹೈಡ್ರಾಲಿಕ್ ಒತ್ತಡವನ್ನು ರಿಲೀಫ್ ವಾಲ್ವ್‌ನ ಪುಟ್ಟ ಸ್ಪ್ರಿಂಗ್ ಹೇಗೆ ತಡೆಯುತ್ತದೆ?

ರಿಲೀಫ್ ವಾಲ್ವ್ ಎಂದರೆ ಎಣ್ಣೆಯ ಒತ್ತಡ ಮಿತಿ ಮೀರಿದಾಗ ತೆರೆದು, ಹೆಚ್ಚಾದ ಎಣ್ಣೆಯನ್ನು ಟ್ಯಾಂಕ್‌ಗೆ ಬಿಡುವ ಸುರಕ್ಷತಾ ವಾಲ್ವ್. ನಿಜ ಹೇಳಬೇಕೆಂದರೆ, ಆ ಸ್ಪ್ರಿಂಗ್ ತಡೆಯುವುದೇ ಇಲ್ಲ. ಎಣ್ಣೆಯನ್ನು ಎಣ್ಣೆಯೇ ತಡೆಯುತ್ತದೆ.

ಮೊದಲು ಲೆಕ್ಕ ನೋಡಿ. 10 ಮಿ.ಮೀ. ಅಗಲದ ರಂಧ್ರ, 200 ಬಾರ್ ಒತ್ತಡ (ಗಾಳಿಯ ಸಾಮಾನ್ಯ ಒತ್ತಡದ ಸುಮಾರು 200 ಪಟ್ಟು). ಅದನ್ನು ನೇರವಾಗಿ ಮುಚ್ಚಿ ಹಿಡಿಯಲು ಸುಮಾರು 160 ಕೆ.ಜಿ. ಭಾರದಷ್ಟು ಬಲ ಬೇಕು. ರಂಧ್ರ ದೊಡ್ಡದಾದಷ್ಟೂ ಸ್ಪ್ರಿಂಗ್ ದೈತ್ಯವಾಗಬೇಕು. ಅದು ಆಗಿಹೋಗುವ ಮಾತಲ್ಲ ಅಲ್ವಾ?

ಇಲ್ಲೇ ಪೈಲಟ್ ಇರುವ ರಿಲೀಫ್ ವಾಲ್ವ್‌ನ, ಅಂದರೆ ಪುಟ್ಟ ವಾಲ್ವ್ ಒಂದು ದೊಡ್ಡ ವಾಲ್ವನ್ನು ನಿಯಂತ್ರಿಸುವ ವ್ಯವಸ್ಥೆಯ, ಜಾಣತನ ಇರುವುದು. 1936ರಲ್ಲಿ ಇದನ್ನು ರೂಪಿಸಿದ ಕೀರ್ತಿ ಅಮೆರಿಕದ ಹ್ಯಾರಿ ವಿಕರ್ಸ್‌ಗೆ ಸಲ್ಲುತ್ತದೆ. ದೊಡ್ಡ ರಂಧ್ರವನ್ನು ಮುಚ್ಚುವ ಮುಖ್ಯ ಪಿಸ್ಟನ್‌ನಲ್ಲಿ ಸೂಜಿ ತೂರುವಷ್ಟು ಸಣ್ಣ ತೂತು ಇರುತ್ತದೆ. ಅದರ ಮೂಲಕ ಎಣ್ಣೆ ಹಿಂಬದಿಗೂ ಹೋಗಿ, ಎರಡೂ ಕಡೆ ಒತ್ತಡ ಸಮವಾಗುತ್ತದೆ. ಹಾಗಾಗಿ ಬೆರಳಲ್ಲಿ ಅದುಮಬಹುದಾದ ಸ್ಪ್ರಿಂಗ್ ಕೂಡ ಪಿಸ್ಟನ್ ಮುಚ್ಚಿಡಲು ಸಾಕು.

ಹಿಂಬದಿಯಲ್ಲಿ ಇನ್ನೊಂದು ಪುಟಾಣಿ ವಾಲ್ವ್ ಇರುತ್ತದೆ, ಇದೇ ಪೈಲಟ್. ಅದರ ರಂಧ್ರ 3 ಮಿ.ಮೀ. ಅಂದುಕೊಳ್ಳಿ, ಅದಕ್ಕೆ ಬೇಕಾದ ಬಲ ಬರೀ 14 ಕೆ.ಜಿ.ಯಷ್ಟು. ಒತ್ತಡ ಮಿತಿ ಮೀರಿದಾಗ ಮೊದಲು ತೆರೆಯುವುದು ಇದೇ. ಆಗ ಹಿಂಬದಿಯ ಎಣ್ಣೆ ಹೊರಗೆ ಹರಿಯುತ್ತದೆ. ಸಣ್ಣ ತೂತಿನಿಂದ ಅಷ್ಟು ಬೇಗ ಎಣ್ಣೆ ತುಂಬಿಕೊಳ್ಳುವುದಿಲ್ಲ. ಸಮತೋಲನ ತಪ್ಪಿ ಪಿಸ್ಟನ್ ಮೇಲೇಳುತ್ತದೆ, ಹೆಚ್ಚಾದ ಎಣ್ಣೆ ಟ್ಯಾಂಕ್‌ಗೆ ವಾಪಸ್.

ಇದರ ವೀಕ್‌ನೆಸ್ಸೂ ಅದೇ ತೂತು. ಒಂದು ಕಸದ ಚೂರು ಸಿಕ್ಕಿಕೊಂಡರೆ ಹಿಂಬದಿಗೆ ಎಣ್ಣೆಯೇ ಹೋಗುವುದಿಲ್ಲ, ಪಿಸ್ಟನ್ ಸುಮ್ನೆ ತೆರೆದೇ ಇರುತ್ತದೆ. ಪಂಪ್ ತಿರುಗುತ್ತಿದ್ದರೂ ಒತ್ತಡ ಏರುತ್ತಿಲ್ಲವೇ? ಪಂಪ್ ಬಿಚ್ಚುವ ಮೊದಲು ಈ ತೂತನ್ನು ಒಮ್ಮೆ ನೋಡಿ.