ಫುಲ್‌ಮೆಟಲ್ ಆಲ್ಕೆಮಿಸ್ಟ್: ಮಂಗಾದ ಕಥೆಗೂ ಅನಿಮೆ ಕಥೆಗೂ ಯಾಕಿಷ್ಟು ವ್ಯತ್ಯಾಸ?

ನೀವು ನೋಡಿದ್ದು 2003ರ ಅನಿಮೆ (ಜಪಾನಿ ಕಾರ್ಟೂನ್ ಸರಣಿ) ಇರಬೇಕು. ಹಿರೋಮು ಅರಾಕಾವಾ ಅವರ ಮೂಲ ಮಂಗಾ (ಜಪಾನಿ ಕಾಮಿಕ್ಸ್) 2001ರಿಂದ 2010ರವರೆಗೆ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅನಿಮೆ ವಾರಕ್ಕೊಂದು ಕಂತು. ಮೂಲ ಕಥೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ಹಾಗಾಗಿ ಮುಂದಿನದನ್ನು ಅನಿಮೆ ತಂಡ ತಾನೇ ಕಟ್ಟಿಕೊಂಡಿತು.

ಹೋಮಂಕ್ಯುಲಸ್‌ಗಳನ್ನೇ (ರಸವಿದ್ಯೆಯಿಂದ ಹುಟ್ಟಿದ ಕೃತಕ ಮನುಷ್ಯರು) ನೋಡಿ. ಮಂಗಾದಲ್ಲಿ ಅವರು ಕಥೆಯ ಮುಖ್ಯ ಖಳನಾಯಕ 'ಫಾದರ್' ತನ್ನೊಳಗಿಂದ ಕಿತ್ತು ಹೊರಹಾಕಿದ ಪಾಪಗಳು. 2003ರದ್ದರಲ್ಲಿ, ಸತ್ತವರನ್ನು ಬದುಕಿಸಲು ಹೋಗಿ ಕೆಟ್ಟ ಪ್ರಯೋಗದ ಫಲ. ನನಗಂತೂ ಈ ಕಲ್ಪನೆಯೇ ಜಾಸ್ತಿ ಇಷ್ಟ.

2009ರಲ್ಲಿ ಬಂದ ಎರಡನೇ ಅನಿಮೆ 'ಬ್ರದರ್‌ಹುಡ್' ಮಂಗಾದ ಕಥೆಯನ್ನೇ ಹಿಡಿದು ಕೊನೆಯವರೆಗೆ ಹೋಗುತ್ತದೆ. ಆದರೆ ಶುರುವಿನ ಭಾಗವನ್ನು ಓಡಿಸಿಬಿಡುತ್ತದೆ. ಪುಟ್ಟ ಹುಡುಗಿ ನೀನಾಳ ಪ್ರಸಂಗ ಒಂದೇ ಕಂತಿನಲ್ಲಿ ಮುಗಿದೇಹೋಗುತ್ತದೆ. ಅದನ್ನು ಮಂಗಾದಲ್ಲೇ ನಿಧಾನವಾಗಿ ಓದಿ. ಹಾಂ, ಜಪಾನಿ ಕ್ರಮದಂತೆ ಬಲದಿಂದ ಎಡಕ್ಕೆ!